ನಲವತ್ತು ವರ್ಷದ ನಿರ್ಧಾರಕ್ಕೆ ನಾಲ್ಕು ಹಾಳೆ ಕಾಗದ

ಕೊಳೆರೋಗದ ಔಷಧಿಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ನಾವು ತೂಗಿ ಹಾಕುತ್ತೇವೆ. ಕೈಅಂದಾಜು ಸಾಲದು ಎಂಬುದು ನಮಗೆ ಗೊತ್ತು. ಆದರೆ ತೋಟ ಕಡಿದು ರಬ್ಬರ್ ಇಡುವುದೋ, ಜಾಗ ಮಾರುವುದೋ, ಪೇಟೆಯಲ್ಲಿರುವ ಮಗನನ್ನು ಊರಿಗೆ ಬಾ ಅನ್ನುವುದೋ ಎಂಬಂಥ ನಿರ್ಧಾರ? ಅದು ಎಷ್ಟೋ ಸಲ ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಇಲ್ಲವೇ ನಿದ್ದೆ ಬಾರದ ಒಂದು ರಾತ್ರಿಯಲ್ಲಿ ಆಗಿಬಿಡುತ್ತದೆ. ಔಷಧಿ ತಪ್ಪಿದರೆ ಒಂದು ವರ್ಷದ ಫಸಲು ಹೋದೀತು. ಇದು ತಪ್ಪಿದರೆ ಒಂದು ತಲೆಮಾರೇ ಅನುಭವಿಸಬೇಕು.

ದೊಡ್ಡ ನಿರ್ಧಾರವನ್ನು ಕ್ರಮವಾಗಿ, ಕಾಗದದಲ್ಲಿ ಬರೆದು ಮಾಡುವುದು ಹೇಗೆ? ಅದನ್ನು ಒಂದು ಉದಾಹರಣೆ ಹಿಡಿದು ಕಲಿಯುವ ಪ್ರಯತ್ನ ಇಲ್ಲಿದೆ. ಬೇಕಾದದ್ದು ನಾಲ್ಕು ಹಾಳೆ ಕಾಗದ, ಒಂದು ಪೆನ್ನು, ಹದಿನೈದು ದಿನದ ತಾಳ್ಮೆ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಎಲ್ಲದಕ್ಕೂ ಇದು ಬೇಡ. ಈ ವರ್ಷ ಅಲಸಂಡೆ ಹಾಕುವುದೋ, ಬೆಂಡೆಯೋ ಎಂಬುದಕ್ಕೆ ಕಾಗದ ಹಿಡಿದು ಕೂತರೆ ಕೆಲಸ ಕೆಡುತ್ತದೆ. ತಪ್ಪಿದರೆ ಮುಂದಿನ ವರ್ಷ ಬದಲಿಸಿದರಾಯಿತು.

ಒಂದೇ ಪ್ರಶ್ನೆ ಕೇಳಿಕೊಳ್ಳಿ. 'ಇದನ್ನು ಮಾಡಿದ ಮೇಲೆ ಹಿಂದೆ ಬರಲಿಕ್ಕೆ ಸಾಧ್ಯವಾ? ಬರುವುದಾದರೆ ಎಷ್ಟು ವರ್ಷ, ಎಷ್ಟು ದುಡ್ಡು?' ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಬೇಕು, ಆಮೇಲೆ ಮರ ನಲವತ್ತು ವರ್ಷ ನಿಂತೀತು. ರಬ್ಬರ್ ಟ್ಯಾಪಿಂಗಿಗೆ ಬರಲು ಏಳು ವರ್ಷ. ಕೊಳವೆ ಬಾವಿಗೆ ಸುರಿದ ಹಣ ವಾಪಸು ಬಾರದು. ಮಾರಿದ ಜಾಗವಂತೂ ಹೋದದ್ದೇ. ಇಂಥವಕ್ಕೆ ಕಾಗದ ಬೇಕು.

250 ವರ್ಷ ಹಳೆಯ ಒಂದು ಉಪಾಯ

ಆಮ್ಲಜನಕ ಕಂಡುಹಿಡಿದವರಲ್ಲಿ ಒಬ್ಬನಾದ ಜೋಸೆಫ್ ಪ್ರೀಸ್ಟ್ಲಿಗೆ 1772ರಲ್ಲಿ ಒಂದು ಸಂಕಟ ಬಂತು. ಇಂಗ್ಲೆಂಡಿನ ಒಬ್ಬ ದೊಡ್ಡ ಸಿರಿವಂತ ತನ್ನಲ್ಲಿ ಗ್ರಂಥಪಾಲನ ಕೆಲಸ ಕೊಡುತ್ತೇನೆಂದ. ಇದ್ದ ಊರು, ಇದ್ದ ಕೆಲಸ ಬಿಟ್ಟು ಸಂಸಾರ ಸಮೇತ ಹೋಗುವುದೋ ಬೇಡವೋ? ಪ್ರೀಸ್ಟ್ಲಿ ಸ್ನೇಹಿತ ಬೆಂಜಮಿನ್ ಫ್ರಾಂಕ್ಲಿನ್‌ನ ಸಲಹೆ ಕೇಳಿದ. ಸಿಡಿಲು ವಿದ್ಯುತ್ತೇ ಎಂದು ತೋರಿಸಿದ ಫ್ರಾಂಕ್ಲಿನ್ ಇವನೇ. ಅವನು 'ಹೋಗು' ಎನ್ನಲಿಲ್ಲ, 'ಬೇಡ' ಎನ್ನಲೂ ಇಲ್ಲ. ನಿರ್ಧಾರ ಹೇಗೆ ಮಾಡಬೇಕೆಂದು ಪತ್ರ ಬರೆದ.

ವಿಧಾನ ಸರಳ. ಕಾಗದದ ಮಧ್ಯೆ ಒಂದು ಗೆರೆ. ಒಂದು ಬದಿ 'ಪರ', ಇನ್ನೊಂದು ಬದಿ 'ವಿರೋಧ'. ಒಂದೇ ದಿನ ಬರೆದು ಮುಗಿಸಬಾರದು. ಮೂರು ನಾಲ್ಕು ದಿನ ಹೊಳೆದ ಹಾಗೆ ಎರಡೂ ಬದಿ ಸೇರಿಸುತ್ತಾ ಹೋಗಬೇಕು. ಆಮೇಲೆ ಪ್ರತಿಯೊಂದರ ತೂಕ ಅಂದಾಜು ಮಾಡಬೇಕು. ಎರಡೂ ಬದಿ ಸಮ ತೂಗುವುದನ್ನು ಹೊಡೆದುಹಾಕಬೇಕು. ಪರದ ಒಂದು ಕಾರಣ ವಿರೋಧದ ಎರಡಕ್ಕೆ ಸಮವೆಂದು ಕಂಡರೆ ಮೂರನ್ನೂ ಹೊಡೆಯಬೇಕು. ಕೊನೆಗೆ ಯಾವ ಬದಿ ಉಳಿಯಿತೋ ಆ ಕಡೆ ತಕ್ಕಡಿ ವಾಲಿದ ಹಾಗೆ. ಮತ್ತೊಂದೆರಡು ದಿನದಲ್ಲಿ ಹೊಸದೇನೂ ಹೊಳೆಯದಿದ್ದರೆ ಅದೇ ತೀರ್ಮಾನ.

ಇದರ ಗುಣ ಏನೆಂದರೆ, ಎಲ್ಲ ಕಾರಣಗಳೂ ಒಟ್ಟಿಗೆ ಕಣ್ಣ ಮುಂದೆ ಇರುತ್ತವೆ. ತಲೆಯೊಳಗೆ ಹಾಗಾಗುವುದಿಲ್ಲ. ಬೆಳಿಗ್ಗೆ ಒಂದು ಕಾರಣ ದೊಡ್ಡದಾಗಿ ಕಂಡರೆ ರಾತ್ರಿ ಇನ್ನೊಂದು. ಆದರೆ ನಮ್ಮ ಕೃಷಿಯ ಮಟ್ಟಿಗೆ ಇಷ್ಟೇ ಸಾಲದು. ನಮಗೆ ದಾರಿ ಎರಡಲ್ಲ, ನಾಲ್ಕೈದು ಇರುತ್ತವೆ. ಬೆಲೆ, ಮಳೆ, ರೋಗ ಯಾವುದೂ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಇನ್ನೂ ಕೆಲವು ಮೆಟ್ಟಿಲು ಸೇರಿಸಬೇಕಾಗುತ್ತದೆ.

ಉದಾಹರಣೆಗೆ, ಒಂದು ಹಳದಿ ರೋಗದ ತೋಟ

ಅಡಿಕೆಗೆ ಹಳದಿ ರೋಗ ಹೊಸತಲ್ಲ. ಕೇರಳದಲ್ಲಿ 1914ರಲ್ಲೇ ಇದು ಕಂಡುಬಂದಿತ್ತು. ಸುಳ್ಯದ ಸಂಪಾಜೆ ಕಡೆ, ಶೃಂಗೇರಿ ಕೊಪ್ಪದ ಕಡೆ ತೋಟಗಳನ್ನೇ ಬರಿದು ಮಾಡಿದ ರೋಗ ಇದು. ಕಾರಣ ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ. ಅದನ್ನು ಮರದಿಂದ ಮರಕ್ಕೆ ಒಯ್ಯುವುದು ಒಂದು ಜಿಗಿಹುಳ. ಗರಿಯ ತುದಿಯಿಂದ ಹಳದಿಯಾಗುತ್ತದೆ, ಮಂಡೆ ಸಣ್ಣದಾಗುತ್ತದೆ, ಅಡಿಕೆಯ ತಿರುಳು ಕಪ್ಪಾಗುತ್ತದೆ. ಗುಣಪಡಿಸುವ ಔಷಧಿ ಇಲ್ಲ. ಗೊಬ್ಬರ, ಬಸಿಗಾಲುವೆ ಸರಿ ಮಾಡಿದರೆ ಮರ ಸ್ವಲ್ಪ ಕಾಲ ತಾಳಿಕೊಂಡೀತು, ಅಷ್ಟೆ.

ಈಗ ಎರಡು ಎಕರೆ ತೋಟ ಇರುವ ಒಂದು ಮನೆ ಕಲ್ಪಿಸಿಕೊಳ್ಳಿ. ಒಂಬತ್ತು ಅಡಿ ಅಂತರದಲ್ಲಿ ಸುಮಾರು 1,000 ಮರ. 600 ಹಸಿರು, 400 ಹಳದಿ. ಹಳದಿ ಮರಗಳಲ್ಲಿ 250 ಕೆಳಗಿನ ಅರ್ಧ ಎಕರೆಯಲ್ಲಿ ಒಟ್ಟಾಗಿವೆ, ಉಳಿದವು ಅಲ್ಲಲ್ಲಿ. ಮನೆಖರ್ಚಿಗೆ ವರ್ಷಕ್ಕೆ 2 ಲಕ್ಷ ಬೇಕು. ಏನು ಮಾಡುವುದು? (ಇಲ್ಲಿಯ ಅಂಕಿಗಳು ಲೆಕ್ಕ ಕಲಿಯಲಿಕ್ಕೆ ಇಟ್ಟುಕೊಂಡವು. ನಿಮ್ಮ ತೋಟದ್ದನ್ನು ನೀವೇ ಹಾಕಬೇಕು.)

ಒಂದನೇ ಮೆಟ್ಟಿಲು: ಪ್ರಶ್ನೆ ಸರಿ ಬರೆಯಿರಿ

'ರಬ್ಬರ್ ಹಾಕುವುದೋ ಬೇಡವೋ' ಎಂದು ಬರೆದರೆ ಉತ್ತರವೂ ರಬ್ಬರಿನ ಸುತ್ತವೇ ತಿರುಗುತ್ತದೆ. ನಿಜವಾದ ಪ್ರಶ್ನೆ ಬೇರೆ. 'ಮುಂದಿನ ಹದಿನೈದು ವರ್ಷ ಈ ಮನೆಗೆ ವರ್ಷಕ್ಕೆ 2 ಲಕ್ಷ ಎಲ್ಲಿಂದ?' ಹೀಗೆ ಬರೆದ ಕೂಡಲೇ ತೋಟದ ಹೊರಗಿನ ದಾರಿಗಳೂ ಕಾಣತೊಡಗುತ್ತವೆ. ಪ್ರಶ್ನೆಯಲ್ಲಿ ಬೆಳೆಯ ಹೆಸರು ಇದ್ದರೆ ಅಳಿಸಿ ಮತ್ತೆ ಬರೆಯಿರಿ.

ಎರಡನೇ ಮೆಟ್ಟಿಲು: ಮನೆಯವರೆಲ್ಲ ಬೇರೆ ಬೇರೆ ಬರೆಯಲಿ

ಜಗಲಿಯಲ್ಲಿ ಕೂತು ಯಜಮಾನರು ಮೊದಲು ಮಾತಾಡಿದರೆ ಉಳಿದವರು 'ಹೌದು' ಅಂದಾರು. ಅದು ಅಭಿಪ್ರಾಯ ಅಲ್ಲ, ಮರ್ಯಾದೆ. ಆದ್ದರಿಂದ ಮಾತಿಗೆ ಮೊದಲು ಒಂದೊಂದು ಚೀಟಿ ಕೊಡಿ. 'ಈ ನಿರ್ಧಾರದಲ್ಲಿ ನನಗೆ ಮುಖ್ಯವಾದ ಮೂರು ವಿಷಯ' ಅಂತ ಪ್ರತಿಯೊಬ್ಬರೂ ಬರೆಯಲಿ. ಬರೆಯಲು ಬಾರದ ಅಜ್ಜಿ ಹೇಳಲಿ, ಮೊಮ್ಮಗ ಬರೆಯಲಿ. ಪೇಟೆಯಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳಲಿ.

ಮನೆಯೊಡತಿ 'ಇನ್ನೊಂದು ಸಾಲ ಬೇಡ' ಅಂತ ಬರೆದಾರು. ಮಗ 'ನಾನು ಊರಿಗೆ ಬರುವುದಿಲ್ಲ, ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ' ಅಂತ ಬರೆದರೂ ಬರೆದಾನು. ಓದುವಾಗ ಕಷ್ಟವಾದೀತು. ಆದರೆ ಏಳು ವರ್ಷ ಕಳೆದ ಮೇಲೆ ಗೊತ್ತಾಗುವುದಕ್ಕಿಂತ ಗಿಡ ನೆಡುವ ಮೊದಲೇ ಗೊತ್ತಾಗುವುದು ಒಳ್ಳೆಯದಲ್ಲವೇ?

ಮೂರನೇ ಮೆಟ್ಟಿಲು: ಕಡಿಮೆಯೆಂದರೆ ನಾಲ್ಕು ದಾರಿ

ಎರಡೇ ದಾರಿ ಬರೆದರೆ ಮನಸ್ಸು ಆಗಲೇ ಒಂದನ್ನು ಆರಿಸಿಬಿಟ್ಟಿರುತ್ತದೆ. ನಾಲ್ಕಾದರೂ ಬರಲಿ. ಅದರಲ್ಲಿ ಎರಡು ಕಡ್ಡಾಯ. ಒಂದು, 'ಏನೂ ಮಾಡದೆ ಇರುವುದು'. ಇನ್ನೊಂದು, 'ಸ್ವಲ್ಪ ಮಾಡಿ ನೋಡುವುದು'. ನಮ್ಮ ಉದಾಹರಣೆಗೆ ಹೀಗೆ ಬರೆಯೋಣ:

ಅ) ಇದ್ದ ಹಾಗೇ ಮುಂದುವರಿಸುವುದು.
ಆ) ಪೂರ್ತಿ ಕಡಿದು ರಬ್ಬರ್.
ಇ) ಕೆಳಗಿನ ಅರ್ಧ ಎಕರೆ ಮಾತ್ರ ಕಡಿದು ಬೇರೆ ಬೆಳೆ, ಉಳಿದದ್ದಕ್ಕೆ ಆರೈಕೆ.
ಈ) ಜಾಗ ಮಾರಿ ಬೇರೆ ಕಡೆ ಹೋಗುವುದು.

ನಾಲ್ಕನೇ ಮೆಟ್ಟಿಲು: ಅಂಕಿ ಹಾಕಿ

ತೋಟಕ್ಕೆ ಹೋಗಿ ಮರ ಎಣಿಸಿ. 'ಸುಮಾರು ಅರ್ಧ ಹೋಗಿದೆ' ಅನ್ನುವುದು ಲೆಕ್ಕವಲ್ಲ. ಮಳೆಗಾಲ ಮುಗಿದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಳದಿ ಚೆನ್ನಾಗಿ ಕಾಣುತ್ತದೆ. ಆಗ ಹಳದಿ ಮರಕ್ಕೆ ಪೈಂಟಿನ ಗುರುತು ಹಾಕಿ ಎಣಿಸಿ, ತಾರೀಕು ಬರೆದಿಡಿ. ಅದಕ್ಕೂ ಮೊದಲು ಇದು ಹಳದಿ ರೋಗವೇ ಹೌದಾ ಎಂದು ತಿಳಿದವರಿಂದ ಖಚಿತ ಮಾಡಿಕೊಳ್ಳಬೇಕು. ನೀರು ನಿಂತರೂ, ಪೋಷಕಾಂಶದ ಕೊರತೆಯಾದರೂ ಮರ ಹಳದಿಯಾದೀತು. ವಿಟ್ಲದಲ್ಲಿ ಸಿಪಿಸಿಆರ್‌ಐಯ ಪ್ರಾದೇಶಿಕ ಕೇಂದ್ರ ಇದೆ, ವಿಚಾರಿಸಬಹುದು.

ಈಗ ಮರದ ಲೆಕ್ಕ. ಚಾಲಿ ಕಿಲೋಗೆ 300 ರೂ. ಎಂದಿಟ್ಟುಕೊಳ್ಳೋಣ. ಹಸಿರು ಮರ 2 ಕಿಲೋ ಕೊಟ್ಟರೆ 600 ರೂ., ಖರ್ಚು 200, ಉಳಿಕೆ 400. ಹಳದಿ ಮರ ಅರ್ಧ ಕಿಲೋ ಕೊಟ್ಟರೆ 150 ರೂ., ಖರ್ಚು 140, ಉಳಿಕೆ 10. ಒಟ್ಟು ಉಳಿಕೆ 2,44,000 ರೂ. ಮನೆಖರ್ಚು ಕಳೆದು 44,000 ಮಿಗುತ್ತದೆ. ಪರವಾಗಿಲ್ಲ ಅಲ್ವಾ?

ಆದರೆ ಎರಡು ವರ್ಷದ ಎಣಿಕೆ ಹೋಲಿಸಿದಾಗ ವರ್ಷಕ್ಕೆ 60 ಮರ ಹಳದಿಗೆ ತಿರುಗುತ್ತಿದೆ ಎಂದು ಕಂಡಿತೆನ್ನಿ. ಒಂದು ಮರ ತಿರುಗಿದರೆ 390 ರೂ. ನಷ್ಟ, 60 ಮರಕ್ಕೆ 23,400. ಹಾಗಾದರೆ 'ಅ' ದಾರಿಯ ಉಳಿಕೆ ಹೀಗೆ ಇಳಿಯುತ್ತದೆ:

ಈಗ – 2,44,000
ಒಂದು ವರ್ಷಕ್ಕೆ – 2,20,600
ಎರಡು – 1,97,200
ಮೂರು – 1,73,800
ನಾಲ್ಕು – 1,50,400
ಐದು – 1,27,000

ಎರಡನೇ ವರ್ಷವೇ ಮನೆಖರ್ಚಿಗೆ ಸಾಲದು. ಐದನೇ ವರ್ಷಕ್ಕೆ 73,000 ಕೊರತೆ. 'ನೋಡೋಣ, ಮುಂದೆ ನೋಡೋಣ' ಅನ್ನುವುದೂ ಒಂದು ನಿರ್ಧಾರವೇ, ಅದಕ್ಕೂ ಬೆಲೆ ಇದೆ. ಬರೆಯದಿದ್ದರೆ ಆ ಬೆಲೆ ಕಾಣುವುದಿಲ್ಲ.

'ಆ' ದಾರಿ ನೋಡಿ. ಪೂರ್ತಿ ಕಡಿದರೆ ಏಳು ವರ್ಷ ತೋಟದಿಂದ ಆದಾಯ ಇಲ್ಲ. ಮನೆಖರ್ಚೇ 14 ಲಕ್ಷ. ನೆಡುವ ಸಾಕುವ ಖರ್ಚು ಬೇರೆ. ಅಷ್ಟು ಕೈಯಲ್ಲಿ ಇಲ್ಲದ ಮನೆಗೆ ಈ ದಾರಿ ಇಲ್ಲ. ರಬ್ಬರಿನ ಬೆಲೆ ಏನಾದೀತು ಎಂಬ ಚರ್ಚೆಯೇ ಬೇಕಾಗಲಿಲ್ಲ. ಬಹಳ ಸಲ ಹೀಗೆಯೇ. ಸೋಲಿಸುವುದು ಬೆಳೆ ಅಲ್ಲ, ಬೆಳೆ ಬರುವ ತನಕದ ಖಾಲಿ ವರ್ಷಗಳು.

'ಇ' ದಾರಿಯಲ್ಲಿ ಒಂದು ಆಶ್ಚರ್ಯ ಇದೆ. ಕೆಳಗಿನ ಅರ್ಧ ಎಕರೆಯ 250 ಹಳದಿ ಮರ ಕಡಿದರೆ ಕಳೆದುಕೊಳ್ಳುವುದು ಎಷ್ಟು? ಮರಕ್ಕೆ 10 ರೂ.ನಂತೆ ವರ್ಷಕ್ಕೆ 2,500 ರೂ. ಅಷ್ಟೇ! ಅಜ್ಜ ನೆಟ್ಟ ಮರ ಕಡಿಯಲಿಕ್ಕೆ ಮನಸ್ಸು ಬಾರದು, ನಿಜ. ಆದರೆ ಅರ್ಧ ಎಕರೆ ಜಾಗ ಬಿಡುವಾಗುವುದಕ್ಕೆ ತೆರುವ ಬೆಲೆ ಅಷ್ಟು ಸಣ್ಣದು ಎಂದು ಕಾಗದ ಹೇಳುತ್ತದೆ. ಅಲ್ಲಿ ಮೊದಲು ಬಾಳೆ, ತರಕಾರಿಯಂಥ ಬೇಗ ಬರುವ ಬೆಳೆ, ಜತೆಗೆ ಜಾಯಿಕಾಯಿಯಂಥ ನಿಧಾನದ್ದು ಇಟ್ಟು ನೋಡಬಹುದು.

ಇದರಿಂದಲೇ ಮನೆ ಉಳಿದೀತು ಎಂದು ಹೇಳುವ ಹಾಗಿಲ್ಲ. ಐದನೇ ವರ್ಷಕ್ಕೆ ಆ ಅರ್ಧ ಎಕರೆ 75,500 ಉಳಿಸಿ ಕೊಡಬೇಕು. ಕೊಟ್ಟೀತೇ? ಮಾಡಿದವರನ್ನೇ ಕೇಳಬೇಕು. ಕೊಡದು ಎಂದಾದರೆ ಹಟ್ಟಿಯಿಂದಲೋ, ಬೇರೆ ದುಡಿಮೆಯಿಂದಲೋ ಆದಾಯ ಹುಡುಕಲು ಇನ್ನೂ ಎರಡು ವರ್ಷ ಸಮಯ ಇದೆ ಎಂದಾದರೂ ತಿಳಿಯಿತು. 'ಈ' ದಾರಿ, ಅಂದರೆ ಮಾರುವುದು, ಒಮ್ಮೆ ಮಾತ್ರ ಬಳಸಬಹುದಾದ ದಾರಿ. ಉಳಿದವು ಮುಗಿಯುವ ತನಕ ಅದು ಕೊನೆಯ ಸಾಲಿನಲ್ಲಿರಲಿ.

ಪ್ರತಿ ಅಂಕಿಯ ಪಕ್ಕ ಒಂದು ಗುರುತು ಹಾಕಿ. ಎಣಿಸಿದ್ದು, ತೂಗಿದ್ದು ಆದರೆ 'ಖಚಿತ'. ಅನುಭವದಿಂದ ಹೇಳಿದ್ದಾದರೆ 'ಅಂದಾಜು'. ಯಾರೋ ಹೇಳಿದ್ದಾದರೆ 'ಕೇಳಿದ್ದು'. ನಿರ್ಧಾರ ನಿಂತಿರುವುದು 'ಕೇಳಿದ್ದು' ಎಂಬ ಗುರುತಿನ ಮೇಲೆ ಅಂತ ಕಂಡರೆ ಅಲ್ಲಿಗೆ ನಿಲ್ಲಿಸಿ. ಅದನ್ನು ಮಾಡುತ್ತಿರುವ ಇಬ್ಬರನ್ನು, ಮಾಡಿ ಬಿಟ್ಟ ಒಬ್ಬರನ್ನು ಹೋಗಿ ಕಾಣಿ. ಬಿಟ್ಟವರ ಮಾತು ಯಾವ ಸಸಿ ಮಾರುವವರ ಹತ್ತಿರವೂ ಸಿಗುವುದಿಲ್ಲ.

ಐದನೇ ಮೆಟ್ಟಿಲು: ಕೆಟ್ಟ ವರ್ಷದ ಲೆಕ್ಕ

ಬೆಲೆ ಒಳ್ಳೆಯದಿದ್ದಾಗಲೇ ನಾವು ಗಿಡ ನೆಡುವುದು. ವೆನಿಲ್ಲಾ ನೆನಪಿದೆಯಷ್ಟೆ? 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಇತ್ತು. ಬಳ್ಳಿಗೆ ಕಾವಲು ಕೂತದ್ದೂ ಉಂಟು. ಕೆಲವೇ ವರ್ಷಗಳಲ್ಲಿ ಕೇಳುವವರಿಲ್ಲದ ಹಾಗಾಯಿತು. ರಬ್ಬರ್ 2011ರಲ್ಲಿ ಕಿಲೋಗೆ 240 ರೂ. ಆಸುಪಾಸು ಮುಟ್ಟಿತ್ತು. 2016ರ ಆರಂಭದಲ್ಲಿ ನೂರರ ಕೆಳಗೆ ಇಳಿಯಿತು. 2011ರ ಬೆಲೆ ನೋಡಿ ನೆಟ್ಟ ಗಿಡ ಟ್ಯಾಪಿಂಗಿಗೆ ಬಂದದ್ದು 2018ರಲ್ಲಿ! ನೆಡುವ ದಿನದ ಬೆಲೆಗೂ ಕೊಯ್ಯುವ ದಿನದ ಬೆಲೆಗೂ ಸಂಬಂಧವೇ ಇಲ್ಲ.

ಆದ್ದರಿಂದ ಪ್ರತಿ ದಾರಿಗೂ ಅರ್ಧ ಬೆಲೆಯ ಲೆಕ್ಕ ಮಾಡಿ. ನಮ್ಮ ತೋಟದಲ್ಲಿ ಚಾಲಿಗೆ 150 ರೂ. ಆದರೆ ಹಸಿರು ಮರದ ಉಳಿಕೆ 100 ರೂ. ಹಳದಿ ಮರ 65 ರೂ. ನಷ್ಟ. ಒಟ್ಟು ಉಳಿಕೆ 34,000. ಮನೆಗೆ 1,66,000 ಕೊರತೆ. ಇಂಥ ಎರಡು ವರ್ಷ ಬೆನ್ನುಬೆನ್ನಿಗೆ ಬಂದರೆ ಜಾಗ ಅಡವಿಡದೆ ದಾಟಲು ಸಾಧ್ಯವಾ? ಇದಕ್ಕೆ 'ಇಲ್ಲ' ಎಂಬ ಉತ್ತರ ಬರುವ ಯಾವ ದಾರಿಯನ್ನೂ, ಲಾಭ ಎಷ್ಟೇ ಕಾಣಲಿ, ಸಣ್ಣ ಹಿಡುವಳಿಯವರು ಹಿಡಿಯಬಾರದು. ದೊಡ್ಡವರು ಬಿದ್ದರೆ ಏಳುತ್ತಾರೆ. ನಮಗೆ ಏಳಲಿಕ್ಕೆ ಜಾಗವೇ ಉಳಿಯದು.

ಆರನೇ ಮೆಟ್ಟಿಲು: ಸೋತದ್ದಾಗಿದೆ ಎಂದು ಕಲ್ಪಿಸಿ

ಇದನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಮನಃಶಾಸ್ತ್ರಜ್ಞ ಗ್ಯಾರಿ ಕ್ಲೈನ್. 2007ರಲ್ಲಿ ಅವರು ಈ ಬಗ್ಗೆ ಬರೆದರು. ಒಂದು ದಾರಿ ಹೆಚ್ಚುಕಮ್ಮಿ ನಿಶ್ಚಯವಾದ ಮೇಲೆ ಮನೆಯವರೆಲ್ಲ ಕೂತು ಹೀಗೆ ಅಂದುಕೊಳ್ಳಬೇಕು. 'ಈಗ ಐದು ವರ್ಷ ಕಳೆದಿದೆ. ನಾವು ಮಾಡಿದ್ದು ಪೂರ್ತಿ ಹಾಳಾಗಿದೆ. ಯಾಕೆ?' ಪ್ರತಿಯೊಬ್ಬರೂ ಕಾರಣ ಬರೆಯಬೇಕು.

'ಹಾಳಾದೀತಾ?' ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಅಪಶಕುನ ಆಗುತ್ತದೆ ಅಂತ. 'ಹಾಳಾಗಿದೆ, ಯಾಕೆ ಹೇಳಿ' ಅಂದರೆ ಮಾತು ಬರುತ್ತದೆ. 'ಹಂದಿ ಬಾಳೆ ಉಳಿಸಲಿಲ್ಲ.' 'ಬೇಸಗೆಯಲ್ಲಿ ಕೆರೆ ಆರಿತು.' 'ಅಪ್ಪನ ಮೊಣಕಾಲು ನೋವಿಗೆ ಕೆಳಗಿನ ತೋಟಕ್ಕೆ ಇಳಿಯಲು ಆಗಲಿಲ್ಲ.' ಈ ಮೂರಕ್ಕೂ ಇವತ್ತೇ ಏನಾದರೂ ಮಾಡಬಹುದು. ಬೇಲಿಯ ಖರ್ಚು ಲೆಕ್ಕಕ್ಕೆ ಸೇರಲಿ, ನೀರು ಬೇಸಗೆಯಲ್ಲಿ ಅಳೆದು ನೋಡಲಿ, ಕೆಲಸ ಯಾರದ್ದೆಂದು ಹೆಸರು ಬರೆಯಲಿ.

ಏಳನೇ ಮೆಟ್ಟಿಲು: ಗೆರೆ ಮೊದಲೇ ಎಳೆಯಿರಿ

ಶುರು ಮಾಡುವ ಮೊದಲೇ ನಿಲ್ಲಿಸುವುದು ಎಲ್ಲಿ ಎಂದು ಬರೆದಿಡಬೇಕು. ಕೊಳವೆ ಬಾವಿ ಇದಕ್ಕೆ ಒಳ್ಳೆಯ ಪಾಠ. ಲಾರಿ ಅಂಗಳಕ್ಕೆ ಬಂದು, ರಾತ್ರಿ ಹತ್ತು ಗಂಟೆಗೆ 400 ಅಡಿ ಇಳಿದು ಬರೀ ಧೂಳು ಬರುವಾಗ 'ಇನ್ನೊಂದು ಐವತ್ತಡಿ ನೋಡುವ' ಅಂದರೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಹೋದ ಹಣದ ಹಿಂದೆ ಇನ್ನಷ್ಟು ಹಣ ಹೋಗುತ್ತದೆ. ಹಿಂದಿನ ದಿನ ಹಗಲು ಹೊತ್ತಲ್ಲಿ ಮನೆಮಂದಿ ಕೂತು 'ಇಷ್ಟೇ ಅಡಿ, ಇಷ್ಟೇ ರೂಪಾಯಿ' ಎಂದು ಬರೆದಿದ್ದರೆ ಆ ಚೀಟಿ ಮಾತಾಡುತ್ತದೆ.

ನಮ್ಮ ತೋಟಕ್ಕೆ ಗೆರೆ ಹೀಗಿರಬಹುದು. 'ಪ್ರತಿ ನವೆಂಬರಿನಲ್ಲಿ ಮರ ಎಣಿಸುವುದು. ಹಸಿರು ಮರ 450ಕ್ಕಿಂತ ಇಳಿದರೆ ಎರಡನೇ ತುಂಡು ಕಡಿಯುವುದು. ಹೊಸ ಬೆಳೆಗೆ ಎರಡು ವರ್ಷದಲ್ಲಿ ಒಟ್ಟು ಒಂದು ಲಕ್ಷಕ್ಕಿಂತ ಹೆಚ್ಚು ಹಾಕುವುದಿಲ್ಲ. ಸಾಲ ಇಲ್ಲ.' ಕೆಳಗೆ ತಾರೀಕು, ಎಲ್ಲರ ಸಹಿ. ಯಾಕೆ ಈ ದಾರಿ ಆರಿಸಿದೆವು ಎಂದು ನಾಲ್ಕು ಸಾಲು. ಆಮೇಲೆ 'ಅಂದೇ ಹೇಳಿದ್ದೆ' ಎಂಬ ಜಗಳಕ್ಕೆ ಜಾಗ ಇಲ್ಲ.

ಮನಸ್ಸು ಒಪ್ಪದಿದ್ದರೆ?

ಲೆಕ್ಕವೆಲ್ಲ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಎಳೆದರೆ ಯಾವುದನ್ನು ಕೇಳಬೇಕು? ಮನಸ್ಸನ್ನು ಗದರಿಸಬೇಡಿ, ಕುರುಡಾಗಿ ನಂಬಲೂ ಬೇಡಿ. ಕಾಗದದಲ್ಲಿ ಬಾರದ ಏನೋ ಒಂದು ಅಲ್ಲಿದೆ ಎಂದು ಅರ್ಥ. ನೆರೆಯ ತಮ್ಮನ ಜತೆಗಿನ ನೀರಿನ ತಕರಾರು ಇದ್ದೀತು, ಮಗಳ ಮದುವೆಯ ಚಿಂತೆ ಇದ್ದೀತು. ಹುಡುಕಿ, ಅದನ್ನೂ ಒಂದು ಸಾಲಾಗಿ ಬರೆಯಿರಿ. ಬರೆದ ಮೇಲೂ ತಕ್ಕಡಿ ವಾಲದಿದ್ದರೆ, ಹಿಂದೆ ಬರಲು ಸುಲಭವಾದ ದಾರಿ ಯಾವುದೋ ಅದನ್ನೇ ಹಿಡಿಯುವುದು ಲೇಸು.

'ಇಷ್ಟೆಲ್ಲ ಮಾಡಲು ಪುರುಸೊತ್ತೆಲ್ಲಿ?' ಅಂತ ಕೇಳಿಯಾರು. ಹದಿನೈದು ದಿನದಲ್ಲಿ ಸಂಜೆ ಅರ್ಧರ್ಧ ಗಂಟೆ ಸಾಕು. 'ನಾಳೆಯೇ ಕೊಡಬೇಕು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ' ಎಂದು ಅವಸರ ಮಾಡುವವರು ಬಂದರೆ ಹೆಚ್ಚು ಎಚ್ಚರ ಬೇಕು. ನಲವತ್ತು ವರ್ಷ ನಿಲ್ಲುವ ವ್ಯವಹಾರಕ್ಕೆ ಹದಿನೈದು ದಿನ ಕಾಯಲಾರದವರ ಅವಸರ ನಮ್ಮದಲ್ಲ, ಅವರದ್ದು.

ಫಲವೇ ಬೇರೆ, ನಿರ್ಧಾರವೇ ಬೇರೆ

ಎಲ್ಲ ಸರಿಯಾಗಿ ಮಾಡಿದರೂ ಸೋಲು ಬಂದೀತು. ಬೆಲೆ ಬಿದ್ದೀತು, ಹೊಸ ರೋಗ ಬಂದೀತು. ಕಣ್ಣು ಮುಚ್ಚಿ ನೆಟ್ಟವರು ಗೆದ್ದದ್ದೂ ಉಂಟು. ಹಾಗೆಂದು ಕಣ್ಣು ಮುಚ್ಚಿ ನೆಡುವುದೇ ವಿದ್ಯೆ ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ನಿರ್ಧಾರ ಮಾತ್ರ, ಫಲ ಅಲ್ಲ. ಸೋತಾಗ ಪುಸ್ತಕ ತೆಗೆದು ನೋಡಿ. ಅಂದು ತಿಳಿಯಬಹುದಾದದ್ದನ್ನು ತಿಳಿಯದೆ ಬಿಟ್ಟಿದ್ದೇವೆಯೇ? ಹೌದಾದರೆ ಮುಂದಿನ ಸಲಕ್ಕೆ ಅದೇ ಪಾಠ. ಇಲ್ಲವಾದರೆ ಮನೆಯೊಳಗೆ ಒಬ್ಬರನ್ನೊಬ್ಬರು ದೂರುವ ಕೆಲಸ ಇಲ್ಲ.

ದೊಡ್ಡ ಪ್ರಶ್ನೆ ಈಗ ಮುಂದಿಲ್ಲದವರು ಸಣ್ಣದರಲ್ಲೇ ಕಲಿಯಬಹುದು. ಹೊಸ ಪಂಪು, ಒಂದು ಹಸು, ಮಗುವನ್ನು ಯಾವ ಶಾಲೆಗೆ ಹಾಕುವುದು ಇಂಥದ್ದಕ್ಕೆ ಮೊದಲು ಬರೆದು ನೋಡಿ. ಇನ್ನೂರು ಪುಟದ ಒಂದು ನೋಟ್ ಪುಸ್ತಕ ಅದಕ್ಕೆಂದೇ ಇಡಿ. ಆರ್‌ಟಿಸಿ, ತೀರ್ವೆ ರಶೀದಿ ಇಡುವ ಕಪಾಟಿನಲ್ಲೇ ಅದೂ ಇರಲಿ. ನಾಳೆ ತೋಟ ನೋಡಿಕೊಳ್ಳುವವರಿಗೆ 'ನಮ್ಮ ಹಿರಿಯರು ಹೀಗೆ ಯೋಚಿಸಿದ್ದರು' ಎಂದು ತಿಳಿಯಲು ಅದು ಬೇಕಾದೀತು.